ಖಂಡಸ್ಫುಟಿತ ಜೀರ್ಣೋದ್ಧಾರ: ಹಳೆಯ ಗಣಕಗಳನ್ನು ಕುರಿತು ಒಂದು ಪಾಠ

ಶಾಸನಗಳನ್ನು ಪಾಠ ಹೇಳುವಾಗ ದತ್ತಿಭಾಗಕ್ಕೆ ಬಂದ ಕೂಡಲೇ ಎದುರಾಗುವ ಒಂದು ಪದಪುಂಜವಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಟ್ಟ ದಾನಿ ದೇವರ ಅಂಗಭೋಗ, ರಂಗಭೋಗ, ತಪೋಧನರ ಆಹಾರದಾನ ಇವುಗಳ ಜೊತೆಯಲ್ಲಿಯೇ ಕಟ್ಟಡದಲ್ಲಿ ಮುರಿದುದನ್ನು, ಬಿರಿದುದನ್ನು, ಸವೆದುದನ್ನು ಸರಿಪಡಿಸುವ ವೆಚ್ಚವನ್ನೂ ಅದೇ ದತ್ತಿಗೆ ಸೇರಿಸುತ್ತಿದ್ದನು. ವಿದ್ಯಾರ್ಥಿಗಳು ಈ ಪದಪುಂಜವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದರ ಅರ್ಥ ತಮಗೆ ಯಾವತ್ತಾದರೂ ಬೇಕಾದೀತೆಂದು ಭಾವಿಸುವುದಿಲ್ಲ. ಈ ವರ್ಷ ಅದು ಬೇಕಾಯಿತು.

ವಿಭಾಗದ ಹಿಂದಿನ ಕೋಣೆಯಲ್ಲಿ ಏಳು ಹಳೆಯ ಗಣಕಗಳಿದ್ದವು. ದಾಸ್ತಾನು ಪುಸ್ತಕದಲ್ಲಿ ಅವುಗಳ ಎದುರಿಗೆ ‘ಅನುಪಯುಕ್ತ’ ಎಂದು ಬರೆದು ವಿಲೇವಾರಿ ಮಾಡುವ ಸಿದ್ಧತೆ ನಡೆದಿತ್ತು. ಕಲ್ಯಾಣದುರ್ಗದ ಕಡೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬ ಬಂದು, “ಸರ್, ಅವನ್ನು ಮಾರಬೇಡಿ. ನಾನೂ ನನ್ನ ಸ್ನೇಹಿತರೂ ಸೇರಿ ರಿಫರ್ಬಿಶ್ ಮಾಡ್ತೀವಿ” ಎಂದನು. ಮಾಡು, ಆದರೆ ಆ ಮಾತನ್ನು ಕನ್ನಡದಲ್ಲಿ ಹೇಳು ಎಂದೆ. ಅವನು ಸ್ವಲ್ಪ ಯೋಚಿಸಿ, “ಜೀರ್ಣೋದ್ಧಾರ ಅಂತ ಅನ್ನಬಹುದೇ ಸರ್?” ಎಂದನು. ನಾನು ಕೊಡಲಿದ್ದ ‘ನವೀಕರಣ’ ಎಂಬ ಪದಕ್ಕಿಂತ ಅವನದು ಮೇಲಾಗಿತ್ತು. ನವೀಕರಣವೆಂದರೆ ಹಳೆಯದನ್ನು ಹೊಸದು ಮಾಡುವುದು. ಹತ್ತು ವರ್ಷದ ಗಣಕ ಏನು ಮಾಡಿದರೂ ಹೊಸದಾಗುವುದಿಲ್ಲ. ಜೀರ್ಣವಾದುದನ್ನು ಜೀರ್ಣವೆಂದೇ ಒಪ್ಪಿಕೊಂಡು ಮೇಲಕ್ಕೆತ್ತುವುದು ಜೀರ್ಣೋದ್ಧಾರ.

ಪದಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇನೆ. ನಾನು ಓದಿದ ಶಾಲೆಯಲ್ಲಿ ಕನ್ನಡ ಮತ್ತು ಮರಾಠಿ ಎರಡೂ ನಡೆಯುತ್ತಿದ್ದವು. ಗುಜರಿ ಸಾಮಾನಿಗೆ ಮರಾಠಿಯಲ್ಲಿ ‘ಭಂಗಾರ’ ಎನ್ನುತ್ತಾರೆ. ಕನ್ನಡದಲ್ಲಿ ‘ಬಂಗಾರ’ವೆಂದರೆ ಚಿನ್ನ. ಒಂದು ಮಹಾಪ್ರಾಣದ ಅಂತರ. ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಹೋದರೆ ಕನ್ನಡದ ಹುಡುಗರಾದ ನಾವು ಚಿನ್ನ ಮಾರುವವನು ಬಂದನೆಂದು ನಗುತ್ತಿದ್ದೆವು. ಗಣಕದ ವಿಷಯದಲ್ಲಿ ಆ ನಗೆ ನಿಜವೇ ಆಗಿದೆ. ಮದರ್ ಬೋರ್ಡಿನ ಸಂಪರ್ಕಸ್ಥಾನಗಳಿಗೂ ರ‍್ಯಾಮ್ ಪಟ್ಟಿಯ ಹಲ್ಲುಗಳಿಗೂ ತುಕ್ಕು ಹಿಡಿಯದಿರಲೆಂದು ಚಿನ್ನದ ತೆಳುಲೇಪ ಕೊಟ್ಟಿರುತ್ತಾರೆ. ಒಂದು ಟನ್ ಚಿನ್ನದ ಅದಿರಿನಲ್ಲಿ ದೊರೆಯುವುದು ಸಾಮಾನ್ಯವಾಗಿ ಕೆಲವೇ ಗ್ರಾಂ. ಒಂದು ಟನ್ ಗಣಕ ಫಲಕಗಳಲ್ಲಿ ಅದರ ಹಲವು ಪಟ್ಟು ಇರುತ್ತದೆ. ನಮ್ಮ ಅನಂತಪುರ ಸೀಮೆಯ ರಾಮಗಿರಿಯಲ್ಲಿ ಹಿಂದೆ ಚಿನ್ನದ ಗಣಿಯಿದ್ದುದನ್ನು ಬಲ್ಲವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಆ ಚಿನ್ನವನ್ನು ತೆಗೆಯುವ ಬಗೆ ಎರಡು. ತಂತಿಗಳನ್ನು ಸುಟ್ಟು, ಫಲಕಗಳನ್ನು ಆಮ್ಲದಲ್ಲಿ ಅದ್ದಿ, ಉಳಿದುದನ್ನು ಚರಂಡಿಗೆ ಚೆಲ್ಲುವುದು ಒಂದು. ಇದರಲ್ಲಿ ಸೀಸ, ಕ್ಯಾಡ್ಮಿಯಂಗಳು ಕೆಲಸ ಮಾಡುವವರ ಮೈಗೂ ನೆಲದ ನೀರಿಗೂ ಸೇರುತ್ತವೆ. ಅಧಿಕೃತ ಘಟಕಕ್ಕೆ ಕೊಡುವುದು ಇನ್ನೊಂದು. ನಮಗೆ ಹತ್ತಿರದ ಉದಾಹರಣೆಯೆಂದರೆ 2005ರಲ್ಲಿ ಪಿ. ಪಾರ್ಥಸಾರಥಿಯವರು ದಾಬಸ್‌ಪೇಟೆಯಲ್ಲಿ ಆರಂಭಿಸಿದ ಇ-ಪರಿಸರ. ದೇಶದಲ್ಲಿ ಸರ್ಕಾರದ ಅಧಿಕೃತ ಮನ್ನಣೆ ಪಡೆದ ಮೊದಲ ವಿದ್ಯುನ್ಮಾನ ತ್ಯಾಜ್ಯ ಘಟಕವೆಂದು ಅದನ್ನು ಹೆಸರಿಸುತ್ತಾರೆ. ಜಗತ್ತಿನ ಮಟ್ಟದಲ್ಲಿ ನೋಡಿದರೆ 2022ರಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಬಂದುದು ಶೇಕಡ 22.3 ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಹೊರತಂದ ವರದಿ ಹೇಳುತ್ತದೆ.

ಆದರೆ ಒಡೆದು ಚಿನ್ನ ತೆಗೆಯುವುದು ಯಾವ ಯಂತ್ರಕ್ಕೂ ಕೊನೆಯ ಸಂಸ್ಕಾರ. ಅದಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನವೊಂದು, ಹಳೆಯ ಗಾಜಿನ ಪರದೆಯೊಡನೆ ಒಂದು ಮೇಜುಗಣಕವನ್ನು ತಯಾರಿಸಲು ಸುಮಾರು 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಬೇಕಾಗುತ್ತದೆಂದು ಇಪ್ಪತ್ತು ವರ್ಷಗಳ ಹಿಂದೆಯೇ ಲೆಕ್ಕಹಾಕಿತು. ಒಂದೂವರೆ ಟನ್ ನೀರು! ಮಳೆಯ ಬಡತನಕ್ಕೆ ದೇಶದಲ್ಲಿಯೇ ಹೆಸರಾದ ಸೀಮೆಯಲ್ಲಿ ಕುಳಿತು ಈ ಅಂಕಿಯನ್ನು ಓದಿದರೆ, ಇನ್ನೂ ನಾಲ್ಕು ವರ್ಷ ದುಡಿಯಬಲ್ಲ ಯಂತ್ರವನ್ನು ತೂಕಕ್ಕೆ ಹಾಕಲು ಕೈ ಬರುವುದಿಲ್ಲ.

ಇಷ್ಟು ಪೀಠಿಕೆ. ಇನ್ನು ಕೆಲಸದ ಕ್ರಮ. ಗಣಕವನ್ನು ದುರಸ್ತಿ ಮಾಡುವುದು ಹೇಗೆಂದು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಅವರೆಲ್ಲರೂ ಮೊದಲು ಯಂತ್ರದ ಮುಚ್ಚಳವನ್ನು ಬಿಚ್ಚುತ್ತಾರೆ. ಕನ್ನಡ ವಿಭಾಗದವರು ಹಾಗೆ ಮಾಡಬಾರದೆಂಬುದೇ ಈ ಪಾಠದ ಮುಖ್ಯ ಮಾತು. ದೇವಾಲಯದ ಜೀರ್ಣೋದ್ಧಾರ ನಡೆಯುವಾಗ ಶಿಲ್ಪಿಗಳು ಗರ್ಭಗುಡಿಯ ಕಲ್ಲನ್ನು ಮುಟ್ಟುವುದಕ್ಕೆ ಮೊದಲು ಕಳಾಕರ್ಷಣೆ ಎಂಬ ವಿಧಿಯಿದೆ. ಮೂರ್ತಿಯಲ್ಲಿರುವ ಕಳೆಯನ್ನು ಕುಂಭಕ್ಕೆ ಬರಮಾಡಿಕೊಂಡು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜಿಸುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠೆ. ಗಣಕದಲ್ಲಿರುವ ಬರಹಕ್ಕೂ ಇದೇ ಕ್ರಮ ಸಲ್ಲಬೇಕು. ಹಾರ್ಡ್ ಡಿಸ್ಕಿನಲ್ಲಿರುವುದನ್ನು ಬೇರೆ ಎರಡು ಕಡೆ ಇಳಿಸಿಕೊಳ್ಳುವವರೆಗೆ ಸ್ಕ್ರೂಡ್ರೈವರ್ ಎತ್ತಬಾರದು.

ಇದನ್ನು ನಾನು ಕಲಿತದ್ದು ಕಳೆದುಕೊಂಡು. ಹದಿನೈದು ವರ್ಷಗಳಿಗೂ ಹಿಂದೆ, ಬೇರೊಂದು ಕಾಲೇಜಿನಲ್ಲಿದ್ದಾಗ, ನನ್ನ ವಿದ್ಯಾರ್ಥಿಗಳು ಮಡಕಶಿರಾ, ರೊಳ್ಳ, ಅಮರಾಪುರದ ಕಡೆಯ ಕನ್ನಡ ಮನೆಗಳನ್ನು ಸುತ್ತಿ ಮನೆಮಾತಿನ ಪದಗಳನ್ನು ಕಲೆಹಾಕಿದ್ದರು. ಅಡುಗೆ, ಒಕ್ಕಲುತನ, ನೆಂಟಸ್ತಿಕೆ, ಕಾಯಿಲೆ ಎಂದು ವಿಂಗಡಿಸಿ ಎರಡು ಬೇಸಿಗೆ ಕುಳಿತು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದರು. ಒಂದು ರಜೆಯಲ್ಲಿ ಹಳೆಯ ಯಂತ್ರಗಳನ್ನು ತೂಕದ ಲೆಕ್ಕದಲ್ಲಿ ಮಾರಿದರು. ಒಳಗೇನಿದೆಯೆಂದು ಯಾರೂ ಕೇಳಲಿಲ್ಲ; ಅದಕ್ಕಿಂತ ಹೆಚ್ಚಾಗಿ, ಮಾರುತ್ತಾರೆಂದು ಗೊತ್ತಿದ್ದೂ ನಾನು ಹೇಳಲಿಲ್ಲ, ಪ್ರತಿ ತೆಗೆದಿಟ್ಟುಕೊಳ್ಳಲೂ ಇಲ್ಲ. ‘ಅ’ದಿಂದ ‘ತ’ದವರೆಗಿನ ಕರಡು ಮುದ್ರಣ ನನ್ನ ಕಪಾಟಿನಲ್ಲಿದೆ. ‘ಥ’ದಿಂದ ಮುಂದಿನದು ಎಲ್ಲಿಯೂ ಇಲ್ಲ. ಆ ಪದಗಳನ್ನು ಹೇಳಿದ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ಅವರ ಮೊಮ್ಮಕ್ಕಳು ತೆಲುಗು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ.

ಹಿಂದೂಪುರದಿಂದ ಮಡಕಶಿರಾ, ಪಾವಗಡಗಳ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವನು ಆಂಧ್ರದಿಂದ ಕರ್ನಾಟಕಕ್ಕೂ ಮತ್ತೆ ಆಂಧ್ರಕ್ಕೂ ಒಂದೇ ದಾರಿಯಲ್ಲಿ ದಾಟುತ್ತಾನೆ. ಈ ದಾರಿಯುದ್ದಕ್ಕೂ ಒಂದೇ ಬೆಳೆಗೆ ಕಡಲೆಕಾಯಿ, ಶೇಂಗಾ, ಶೆನಕ್ಕಾಯಿ ಎಂಬ ಹೆಸರುಗಳು ಒಂದರ ಮೇಲೊಂದು ಹಾಯುತ್ತವೆ. ಇಂಥ ಸೀಮೆಯ ಮಾತನ್ನು ಯಾವ ರಾಜಧಾನಿಯ ನಿಘಂಟು ಕಚೇರಿಯೂ ಪೂರ್ತಿಯಾಗಿ ಹಿಡಿದಿಟ್ಟಿಲ್ಲ. ಹಿಡಿದಿಟ್ಟಿರುವುದು ಇಂಥ ಕೋಣೆಗಳ ಮೂಲೆಯ ಯಂತ್ರಗಳು. ಈ ಸಲ ಏಳರಲ್ಲಿ ಐದು ಡಿಸ್ಕುಗಳು ತೆರೆದವು. ಅವುಗಳಲ್ಲಿ ಒಂದರಲ್ಲಿ ಕಲ್ಯಾಣದುರ್ಗದ ಕಡೆಯ ವಿದ್ಯಾರ್ಥಿಗಳು ಮಾಡಿದ್ದ ಒಕ್ಕಲುತನದ ಪದಪಟ್ಟಿ ಸಿಕ್ಕಿತು. ಒಂದು ಕಾಲಂ ಕನ್ನಡ, ಪಕ್ಕದ ಕಾಲಂ ತೆಲುಗು.

ಸಿಕ್ಕಿತು ಎಂದೆ, ಓದಲು ಬಂದಿತೆನ್ನಲಿಲ್ಲ. ಕಡತವನ್ನು ಹೊಸ ಗಣಕದಲ್ಲಿ ತೆರೆದರೆ ಕನ್ನಡವಿರಲಿಲ್ಲ. ತಲೆಯ ಮೇಲೆ ಗೀರುಗಳನ್ನೂ ಚುಕ್ಕೆಗಳನ್ನೂ ಹೊತ್ತ ರೋಮನ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ಇದು ಹೇಗಾಯಿತೆಂಬುದನ್ನು ಕನ್ನಡ ವಿದ್ಯಾರ್ಥಿ ಚೆನ್ನಾಗಿ ಅರಿಯಬೇಕು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬ ಒಪ್ಪಂದವೇ ಸಂಕೇತಾವಳಿ. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತಾವಳಿ 1988ರಲ್ಲಿ ಬಂದು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಎಲ್ಲ ಲಿಪಿಗಳ ‘ಕ’ಕಾರಕ್ಕೂ ಒಂದೇ ಸಂಖ್ಯೆ. ಆದರೆ ಮುದ್ರಣಾಲಯಗಳಲ್ಲಿಯೂ ಕಚೇರಿಗಳಲ್ಲಿಯೂ ಬಳಕೆಗೆ ಬಂದದ್ದು ಬೇರೆಯೇ ಉಪಾಯ. ಇಂಗ್ಲಿಷ್ ಅಕ್ಷರಗಳಿಗೆಂದು ಕಾದಿರಿಸಿದ ಸಂಖ್ಯೆಗಳ ಮೇಲೆಯೇ ಕನ್ನಡದ ತಲೆಕಟ್ಟು, ದೀರ್ಘ, ಒತ್ತುಗಳ ಚಿತ್ರಗಳನ್ನು ಕೂರಿಸಿದ ಫಾಂಟುಗಳನ್ನು ಮಾಡಿಕೊಂಡರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಅದರ ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ, ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ ಇವೆಲ್ಲ ಈ ದಾರಿಯಲ್ಲಿ ನಡೆದವು. ಅವರನ್ನು ದೂರುವುದು ಸಲ್ಲ. ಅಂದಿನ ಗಣಕದಲ್ಲಿ ಕನ್ನಡವನ್ನು ಬರೆಯಲು ಅದಕ್ಕಿಂತ ಒಳ್ಳೆಯ ಹಾದಿ ಸಾಮಾನ್ಯ ಬಳಕೆದಾರನಿಗಿರಲಿಲ್ಲ, ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸ ಜನರ ಬೆರಳಿಗೆ ಬಂದದ್ದೂ ಈ ತಂತ್ರಾಂಶಗಳ ಮೂಲಕವೇ. ತೊಡಕು ಒಂದೇ: ಫಾಂಟು ಹೋದರೆ ಕನ್ನಡವೂ ಹೋಯಿತು.

ಯೂನಿಕೋಡ್ ಈ ತೊಡಕನ್ನು ಬಿಡಿಸಿತು. ಅದರಲ್ಲಿ ತಮಿಳು, ತೆಲುಗು, ಕನ್ನಡ, ಮಲಯಾಳಗಳಿಗೆ ತಲಾ 128 ಸ್ಥಾನಗಳು, ಒಂದರ ಪಕ್ಕ ಒಂದು. ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದರಿಂದ ಒಂದು ಸೊಗಸಾದ ಪರಿಣಾಮವಾಗಿದೆ. ತೆಲುಗಿನ ‘ಕ’ಕಾರದ ಸಂಖ್ಯೆ 3093, ಕನ್ನಡದ ‘ಕ’ಕಾರದ್ದು 3221. ವ್ಯತ್ಯಾಸ 128. ಯಾವ ಸಾಮಾನ್ಯ ಅಕ್ಷರವನ್ನು ತೆಗೆದುಕೊಂಡರೂ ವ್ಯತ್ಯಾಸ ಅಷ್ಟೇ. ತೆಲುಗು ಲಿಪಿಯ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಕಾಣಬೇಕಾದರೆ ಪ್ರತಿ ಸಂಖ್ಯೆಗೂ 128ನ್ನು ಕೂಡಿದರೆ ಬಹುಮಟ್ಟಿಗೆ ಕೆಲಸವಾಗುತ್ತದೆ. ಒಂದು ಕಾಲಕ್ಕೆ ಒಂದೇ ಲಿಪಿಯಾಗಿದ್ದು ಬೇರೆಯಾದ ಇವೆರಡೂ ಗಣಕದೊಳಗೆ ಅಕ್ಕಪಕ್ಕದ ಮನೆಗಳಲ್ಲಿವೆ, ಹಿಂದೂಪುರ ಗೌರಿಬಿದನೂರುಗಳಂತೆ.

ಹಳೆಯ ಫಾಂಟಿನ ಕಡತವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಅವು ಮಾಡುವ ತಪ್ಪುಗಳನ್ನು ನೋಡಿದಾಗ ನನಗೆ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯ ನೆನಪಾಯಿತು. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳಂತೆಯೇ ಇವೂ ಕಾರಣವಿಲ್ಲದೆ ಆಗುವುದಿಲ್ಲ. ಕಾರಣವನ್ನು ಹಿಡಿದರೆ ಮೂಲಪಾಠವನ್ನು ಊಹಿಸಬಹುದು. ಎಲ್ಲರೂ ಕಂಡಿರುವ ಉದಾಹರಣೆ ‘ಕನಾರ್ಟಕ’. ಕನ್ನಡದಲ್ಲಿ ಅರ್ಕಾವೊತ್ತನ್ನು ಉಚ್ಚಾರಣೆಯಲ್ಲಿ ಮೊದಲು ನುಡಿಯುತ್ತೇವೆ, ಬರಹದಲ್ಲಿ ಅಕ್ಷರದ ಬಳಿಕ ಹಾಕುತ್ತೇವೆ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿತು; ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಪರಿವರ್ತಕ ರೇಫವನ್ನು ಹಿಂದಕ್ಕೆ ಸರಿಸಲು ಮರೆತರೆ ‘ಧರ್ಮ’ ‘ಧಮರ್’ ಆಗುತ್ತದೆ, ‘ಸೂರ್ಯ’ ‘ಸೂಯರ್’ ಆಗುತ್ತದೆ. ಛಂದಸ್ಸು, ವ್ಯಾಕರಣ ಓದಿದವನ ಕಣ್ಣಿಗೆ ಇದು ತಟ್ಟನೆ ಬೀಳುತ್ತದೆ. ಗಣಕಶಾಸ್ತ್ರ ಮಾತ್ರ ಓದಿದವನಿಗೆ ಬೀಳದೆ ಹೋಗಬಹುದು. ಈ ಕೆಲಸ ನಮ್ಮದೆಂದು ನಾನು ಒತ್ತಿ ಹೇಳುವುದು ಅದಕ್ಕೇ.

ಕಲ್ಯಾಣದುರ್ಗದ ಪದಪಟ್ಟಿಯಲ್ಲಿ ಇನ್ನೊಂದು ಸಿಕ್ಕು ಎದುರಾಯಿತು. ಕನ್ನಡದ ಕಾಲಂ ನುಡಿ ಫಾಂಟಿನಲ್ಲಿತ್ತು, ತೆಲುಗಿನದು ತೆಲುಗು ಬೆರಳಚ್ಚಿನವರು ಬಳಸುವ ಅನು ಫಾಂಟಿನಲ್ಲಿತ್ತು. ಎರಡೂ ಒಂದೇ ಇಂಗ್ಲಿಷ್ ಸಂಖ್ಯೆಗಳ ಮೇಲೆ ಸವಾರಿ ಮಾಡುವಂಥವು. ಪರಿವರ್ತಕಕ್ಕೆ ಪೂರ್ತಿ ಕಡತವನ್ನು ಒಪ್ಪಿಸಿದರೆ ತೆಲುಗು ಕಾಲಮ್ಮೂ ನುಡಿಯೆಂದೇ ಬಗೆದು ಅರ್ಥವಿಲ್ಲದ ಕನ್ನಡ ಕಾಗುಣಿತವನ್ನು ಸುರಿಯುತ್ತದೆ. ನಡುನಡುವೆ ಬಂದ ಇಂಗ್ಲಿಷ್ ಪದಗಳಿಗೂ ಅದೇ ಗತಿ. ಮೂಲ ಕಡತದಲ್ಲಿ ಪ್ರತಿ ತುಣುಕಿನ ಜೊತೆಗೂ ಫಾಂಟಿನ ಹೆಸರು ಅಂಟಿಕೊಂಡಿರುತ್ತದೆ. ಆ ಹೆಸರೇ ನಮಗೆ ದಾರಿದೀಪ. ಆದ್ದರಿಂದ ಹಳೆಯ ಕಡತವನ್ನು ಅವಸರದಲ್ಲಿ ಬರೀ ಪಠ್ಯವಾಗಿ ಉಳಿಸಬಾರದು. ಹಾಗೆ ಉಳಿಸಿದೊಡನೆ ಫಾಂಟಿನ ಹೆಸರು ಅಳಿಸಿಹೋಗಿ, ಯಾವುದು ಕನ್ನಡ ಯಾವುದು ತೆಲುಗು ಎಂಬ ಗುರುತೇ ಇಲ್ಲವಾಗುತ್ತದೆ. ಮೊದಲ ದಿನ ನಾವು ಇದೇ ತಪ್ಪನ್ನು ಮಾಡಿದೆವು. ಬಾಲಾಲಯದಲ್ಲಿ ಮೂಲಪ್ರತಿ ಭದ್ರವಾಗಿದ್ದುದರಿಂದ ಉಳಿದುಕೊಂಡೆವು.

ಕಡತದ ಮೇಲಿರುವ ದಿನಾಂಕವನ್ನೂ ಕುರುಡಾಗಿ ನಂಬಬಾರದು. ಒಂದು ಯಂತ್ರದಲ್ಲಿ ಪ್ರಬಂಧಗಳೆಲ್ಲವೂ 2002ರ ಜನವರಿ 1ರಂದು ಬರೆದವೆಂದು ತೋರುತ್ತಿದ್ದವು. ಕಾರಣ ಸರಳ. ಮದರ್ ಬೋರ್ಡಿನ ಮೇಲೆ ನಾಣ್ಯದಂತಹ ಮೂರು ವೋಲ್ಟಿನ ಬ್ಯಾಟರಿ ಇರುತ್ತದೆ, ಸಿಆರ್ 2032 ಎಂದು ಅಂಗಡಿಯಲ್ಲಿ ಕೇಳಬೇಕು. ಅದು ಸತ್ತರೆ ಗಣಕ ಪ್ರತಿ ಸಲವೂ ತಯಾರಕರು ಗೊತ್ತುಮಾಡಿದ ಆದಿದಿನಕ್ಕೆ ಮರಳುತ್ತದೆ. ಶಾಸನದ ಕಾಲನಿರ್ಣಯದಲ್ಲಿ ತಿಥಿವಾರಗಳನ್ನು ತಾಳೆ ನೋಡುವಂತೆ ಇಲ್ಲಿಯೂ ಬರಹದ ಒಳಗಿನ ಸಾಕ್ಷ್ಯವನ್ನು ನೋಡಿ ಕಾಲವನ್ನು ನಿಶ್ಚಯಿಸಬೇಕಾಗುತ್ತದೆ.

ಬರಹ ಭದ್ರವಾದ ಮೇಲೆ ಯಂತ್ರದ ಸರದಿ. ಶಾಸನದ ಪದಪುಂಜವನ್ನೇ ಹಿಡಿದು ಹೋದರೆ ಕೆಡುಕಿನ ಮೂರು ಬಗೆ ಕಾಣುತ್ತವೆ. ಮುರಿದುದು ಖಂಡ: ಕೀಲಿಮಣೆಯ ಗುಂಡಿ, ಫ್ಯಾನಿನ ರೆಕ್ಕೆ, ತುಂಡಾದ ಕೇಬಲ್. ಇವಕ್ಕೆ ಮದ್ದು ಬದಲಿ. ನಮ್ಮ ಏಳರಲ್ಲಿ ಎರಡು ಯಂತ್ರಗಳು ಏಳುವ ಹಾಗಿರಲಿಲ್ಲ. ಅವುಗಳ ಭಾಗಗಳನ್ನು ಉಳಿದವಕ್ಕೆ ಹಾಕಿದೆವು. ಸಾಲದ್ದನ್ನು ಹುಡುಗರು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯಿಂದ, ಅಂದರೆ ಸಾದರ ಪತ್ರಪ್ಪ ರಸ್ತೆಯಿಂದ, ತಂದರು. ಹಳೆಯ ರ‍್ಯಾಮು ಅಲ್ಲಿ ಈಗಲೂ ತರಕಾರಿಯಂತೆ ಚೌಕಾಸಿಗೆ ಸಿಗುತ್ತದೆ.

ಬಿರಿದುದು ಸ್ಫುಟಿತ. ಮದರ್ ಬೋರ್ಡಿನ ಮೇಲೆ ಪುಟ್ಟ ಉರುಳೆಗಳಂತೆ ನಿಂತಿರುವ ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಸೀಳಿ ಕಂದುದ್ರವ ಒಸರಿದ್ದರೆ ಅದು ಕೆಟ್ಟಿದೆ. 2000ದ ಆಸುಪಾಸಿನ ವರ್ಷಗಳಲ್ಲಿ ದೋಷವುಳ್ಳ ದ್ರವ ತುಂಬಿದ ಕೆಪಾಸಿಟರುಗಳು ಜಗತ್ತಿನ ಬಹಳ ಯಂತ್ರಗಳಿಗೆ ಸೇರಿಹೋದವು. ಆ ತಲೆಮಾರಿನ ಗಣಕಗಳಲ್ಲಿ ಈ ರೋಗ ಸಾಮಾನ್ಯ. ಬೆಸುಗೆ ಬಿಡಿಸಿ ಅದೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ವೋಲ್ಟಿನ ಹೊಸದನ್ನು ಕೂರಿಸಬೇಕು. ಋಣ ಧನ ತುದಿಗಳು ಅದಲುಬದಲಾಗಬಾರದು. ಕೈ ಪಳಗಿದವರು ಮಾಡುವ ಕೆಲಸ ಇದು. ಎಸ್‌ಎಂಪಿಎಸ್ ಡಬ್ಬವನ್ನೂ ಹಳೆಯ ಗಾಜಿನ ಮಾನಿಟರನ್ನೂ ವಿದ್ಯಾರ್ಥಿಗಳು ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ಗು ಕಿತ್ತಿದ್ದರೂ ಒಳಗೆ ಪ್ರಾಣಾಂತಿಕ ವಿದ್ಯುತ್ತು ಉಳಿದಿರುತ್ತದೆ. ಗಾಜಿನ ಮಾನಿಟರಿನಲ್ಲಿ ಸೀಸವೂ ಇದೆ. ಅದಕ್ಕೆ ಎರಡನೆಯ ಜನ್ಮ ಬೇಡ, ಅಧಿಕೃತ ಘಟಕದ ದಾರಿಯೇ ಸರಿ.

ಸವೆದುದು ಜೀರ್ಣ, ಹೆಚ್ಚಿನ ಗಣಕಗಳ ರೋಗ ಇದೇ. ಮುಕ್ಕಾಲು ಪಾಲು ಧೂಳು. ನಮ್ಮ ಸೀಮೆಯ ಕೆಂಪು ಧೂಳು ಫ್ಯಾನಿನ ಹಿಂದೆ ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಬ್ಲೋವರಿನಿಂದ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಅಕ್ಕಿಕಾಳಿನಷ್ಟು ಇಡಬೇಕು. ರ‍್ಯಾಮಿನ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ‘ಸತ್ತ’ ಯಂತ್ರ ಎದ್ದು ಕೂರುವುದುಂಟು. ಎರಡು ಗಣಕಗಳು ಇಷ್ಟಕ್ಕೇ ಎದ್ದವು. ತಿರುಗುವ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕುವುದು ಒಂದೇ ಒಂದು ದೊಡ್ಡ ಖರ್ಚು. ಆದರೆ ಹತ್ತು ವರ್ಷದ ಯಂತ್ರಕ್ಕೆ ಅದಕ್ಕಿಂತ ಗುಣ ತೋರುವ ಮದ್ದಿಲ್ಲ.

ಎಲ್ಲ ಯಂತ್ರವೂ ಉದ್ಧಾರಕ್ಕೆ ಯೋಗ್ಯವಲ್ಲವೆಂಬುದನ್ನೂ ಹೇಳಬೇಕು. ಪೆಂಟಿಯಂ 4 ಕಾಲದ ಯಂತ್ರ ಎದ್ದರೂ ಅದು ನುಂಗುವ ವಿದ್ಯುತ್ತಿನಲ್ಲಿ ಮೂರು ನಾಲ್ಕು ಲ್ಯಾಪ್‌ಟಾಪುಗಳು ನಡೆದಾವು. ಅಂಥದ್ದನ್ನು ಹಳ್ಳಿಯ ಶಾಲೆಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುವ ದಾನಿಗಳಿದ್ದಾರೆ. ಜಾಲತಾಣವೊಂದನ್ನು ತೆರೆಯಲು ಐದು ನಿಮಿಷ ತಿಣುಕುವ ಯಂತ್ರವನ್ನು ಮಗುವಿನ ಮುಂದಿಡುವುದು ದಾನವಲ್ಲ, ಅವಮಾನ.

ಮೇಲೆದ್ದ ಯಂತ್ರಕ್ಕೆ ಕಾರ್ಯನಿರ್ವಹಣ ವ್ಯವಸ್ಥೆ ಬೇಕು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಮೈಯಲ್ಲಿ ಕಸುವಿರುವ ಯಂತ್ರಗಳು ಹೀಗೆ ತಂತ್ರಾಂಶದ ಕಾರಣದಿಂದಲೇ ಗುಜರಿಗೆ ಹೋಗುತ್ತಿವೆ. ನಾವು ಬಳಸಿದ್ದು ಡೆಬಿಯನ್ ಗ್ನೂ/ಲಿನಕ್ಸ್. ಬಹಳ ಹಳೆಯ 32 ಬಿಟ್ ಯಂತ್ರಗಳಿಗೆ ಅದರ 12ನೆಯ ಆವೃತ್ತಿಯೇ ಕೊನೆ. 2025ರ 13ನೆಯದರಲ್ಲಿ ಅವುಗಳಿಗೆ ಸ್ಥಾಪನಾ ಪ್ರತಿಯಿಲ್ಲ. 64 ಬಿಟ್ ಯಂತ್ರಕ್ಕೆ ಎರಡು ಜಿಬಿ ರ‍್ಯಾಮಿದ್ದರೆ ಬರೆಯುವ ಕೆಲಸ ನಡೆಯುತ್ತದೆ, ನಾಲ್ಕಿದ್ದರೆ ಓದುವುದೂ ನೋಡುವುದೂ ಸಲೀಸು. ಕನ್ನಡಕ್ಕೆ ಕೊರತೆಯೇನೂ ಇಲ್ಲ. ಲೋಹಿತ್, ನೋಟೋ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕಗಪ ಕೀಲಿಮಣೆ ವಿನ್ಯಾಸ ಇಲ್ಲಿಯೂ ದೊರೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸನ್ನೇ ಬಳಸುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹೊಸತಲ್ಲ. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯೊಂದರಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ನಡೆಸಿದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದಲ್ಲಿಯೂ ಮಕ್ಕಳು ಕಲಿತದ್ದು ಇದನ್ನೇ.

ಯಂತ್ರವನ್ನು ಹೊರಗೆ ಕೊಡುವ ಮುನ್ನ ಹಳೆಯ ಡಿಸ್ಕನ್ನು ಪೂರ್ತಿಯಾಗಿ ಅಳಿಸಬೇಕು. ವಿದ್ಯಾರ್ಥಿಗಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ದೂರವಾಣಿ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಫಾರ್ಮ್ಯಾಟ್ ಮಾಡಿದರೆ ಅಳಿಯಿತೆಂಬುದು ಭ್ರಮೆ. ಸಾಮಾನ್ಯವಾಗಿ ಅಳಿಯುವುದು ವಿಷಯಸೂಚಿಯ ಪುಟ, ಒಳಗಿನ ಪುಟಗಳಲ್ಲ. ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆದರೆ ಮಾತ್ರ ಅಳಿಯುತ್ತದೆ. ಒಂದೆಡೆ ಉಳಿಸಲು ಅಷ್ಟು ಪಾಡುಪಟ್ಟು ಇನ್ನೊಂದೆಡೆ ಅಳಿಸಲು ಇಷ್ಟು ಪಾಡುಪಡುವುದನ್ನು ಕಂಡು ಹುಡುಗರು ನಕ್ಕರು. ಹಾಗಾದರೆ ಮೊದಲನೆಯ ಕೆಲಸ ನಿಜವಾಗಿಯೂ ಮುಗಿದಿದೆಯೇ ಎಂದು ಅವರ ಕೈಯಲ್ಲೇ ಮತ್ತೊಮ್ಮೆ ಪರೀಕ್ಷಿಸಿದೆ. ಎರಡು ಕಡತಗಳು ಬಿಟ್ಟುಹೋಗಿದ್ದವು.

ಶಾಸನದ ದತ್ತಿಯ ಬಗ್ಗೆ ಒಂದು ಮಾತು ಉಳಿದಿದೆ. ದಾನಿ ಜೀರ್ಣೋದ್ಧಾರಕ್ಕೆಂದು ಒಂದು ಸಲ ಹಣ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಭೂಮಿಯನ್ನು ಬಿಟ್ಟನು, ಅದರ ಹುಟ್ಟುವಳಿಯಿಂದ ವರ್ಷವರ್ಷವೂ ದುರಸ್ತಿ ನಡೆಯಬೇಕೆಂಬುದು ಅದರ ಉದ್ದೇಶ. ಗಣಕದಾನದಲ್ಲಿ ನಾವು ಮರೆಯುವುದು ಇದನ್ನೇ. ಬರುವ ವರ್ಷ ಬ್ಯಾಟರಿ ಸತ್ತರೆ, ಇಲಿ ಕೇಬಲ್ಲನ್ನು ಕಡಿದರೆ ನೋಡುವವರು ಯಾರು? ಐದು ಯಂತ್ರಗಳಲ್ಲಿ ಎರಡನ್ನು ವಿಭಾಗಕ್ಕೆ ಉಳಿಸಿಕೊಂಡು ಮೂರನ್ನು ಗಡಿಯ ಕನ್ನಡ ಶಾಲೆಗಳಿಗೆ ಕೊಡುವುದೆಂದು ಗೊತ್ತುಮಾಡಿದಾಗ ಪ್ರತಿ ಯಂತ್ರದ ಹೆಸರಿನಲ್ಲಿ ಒಂದು ನೋಟುಪುಸ್ತಕ ತೆರೆದೆವು. ಏನು ಕೆಟ್ಟಿತ್ತು, ಏನು ಹಾಕಿದೆವು, ಎಷ್ಟು ಖರ್ಚಾಯಿತು, ಮುಂದಿನ ತಪಾಸಣೆ ಯಾವ ತಿಂಗಳು ಎಂಬುದು ಅದರಲ್ಲಿದೆ. ವರ್ಷಕ್ಕೆರಡು ಸಲ ಎರಡನೆಯ ವರ್ಷದ ವಿದ್ಯಾರ್ಥಿಗಳು ಹೋಗಿ ನೋಡಬೇಕು. ಬಸ್ಸಿನ ಖರ್ಚಿಗೆ ವಿಭಾಗದ ಸಂಘದ ನಿಧಿಯಿಂದ ಒಂದು ಭಾಗವನ್ನು ತೆಗೆದಿಟ್ಟಿದ್ದೇವೆ. ಹೋದಾಗ ಯಂತ್ರವನ್ನಷ್ಟೇ ನೋಡಿಬರುವುದಲ್ಲ, ಊರಿನ ಹಿರಿಯರಿಂದ ಹತ್ತು ಪದಗಳನ್ನು ಬರೆದುಕೊಂಡು ಬರಬೇಕೆಂಬ ಕಟ್ಟಳೆಯೂ ಇದೆ. ಅವನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡಬೇಕು.

ಕಲ್ಯಾಣದುರ್ಗದ ಪದಪಟ್ಟಿಯ ಕನ್ನಡ ಕಾಲಂ ಈಗ ಶುದ್ಧವಾಗಿದೆ. ತೆಲುಗು ಕಾಲಮ್ಮನ್ನು ತೆಲುಗು ವಿಭಾಗದ ವಿದ್ಯಾರ್ಥಿಗಳು ನೋಡುತ್ತಿದ್ದಾರೆ. ತೆರೆಯದ ಎರಡು ಡಿಸ್ಕುಗಳನ್ನು ಅಳಿಸದೆ ಹಾಗೆಯೇ ಕಟ್ಟಿಟ್ಟಿದ್ದೇವೆ. ಅದೇ ಕೋಣೆಯ ಮೇಜಿನ ಖಾನೆಯಲ್ಲಿ ‘ಗಾದೆ’, ‘ಒಗಟು’, ‘ಸೋಬಾನೆ’ ಎಂದು ಚೀಟಿ ಅಂಟಿಸಿದ ಹನ್ನೊಂದು ಫ್ಲಾಪಿಗಳು ಸಿಕ್ಕಿವೆ. ಅವನ್ನು ಓದುವ ಡ್ರೈವ್ ನಮ್ಮಲ್ಲಿಲ್ಲ. ವಿದ್ಯಾರ್ಥಿಗಳ ಮನೆಯಲ್ಲಾಗಲಿ, ಹಿಂದೂಪುರದ ಬೆಲ್ಲ ಹುಣಿಸೆಯ ಮಂಡಿಗಳ ಹಳೆಯ ಲೆಕ್ಕದ ಗಣಕಗಳಲ್ಲಾಗಲಿ ಮೂರೂವರೆ ಅಂಗುಲದ ಫ್ಲಾಪಿ ಡ್ರೈವ್ ಕಂಡರೆ, ಕೆಟ್ಟಿದ್ದರೂ ಸರಿ, ವಿಭಾಗಕ್ಕೆ ತಂದುಕೊಡಬೇಕಾಗಿ ಕೋರುತ್ತೇನೆ.